ಸಾಕ್ಷಿ ನುಡಿದ ಸಂಡಿಗೆ

ಆ ದಿನದ ಅವಾಂತರಕ್ಕೆಲ್ಲ ಮೂಲ ಎರಡು ಗಜದ ಒಂದು ಬಿಳಿಯ ಬಟ್ಟೆ. ಮಾಲಿನ್ಯ ತಡೆಯಲೆಂದು ಹೊಸದಾಗಿ ಹುಟ್ಟಿದ ಮಂಡಳಿಯ ಅಧಿಕಾರಿ ಅಜಿತ್ ಕುಮಾರ್ ಬೆಳಗ್ಗೆ ಆರಕ್ಕೇ ಬಂದು, ಅರಸೀಕೆರೆ ಪುರಸಭೆಯ ಗುಮಾಸ್ತ ಇಂದುಧರನ ತಾರಸಿಯ ಮೇಲೆ ಅದನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಅಂಚಿಗೆ ಮುದ್ರೆಯೊತ್ತಿದ್ದರು.

"ಸಂಜೆ ನಾಲ್ಕಕ್ಕೆ ಬೇಲೂರಿನಿಂದ ವಾಪಸ್ ಬರ್ತೀನಿ. ಬಟ್ಟೆ ಕಪ್ಪಾಗಿದ್ರೆ ಡಿಪೋಗೆ ಅನುಮತಿ ಇಲ್ಲ, ಬೆಳ್ಳಗಿದ್ರೆ ಉಂಟು. ಯಾರೂ ಮುಟ್ಟಬಾರದು. ಜವಾಬ್ದಾರಿ ನಿಮ್ಮದು."

ಡಿಪೋ ಎಂದರೆ ಇಂದುಧರನ ಹಿತ್ತಿಲ ಗೋಡೆಗೆ ಆತುಕೊಂಡಿದ್ದ ಕಲ್ಲೇಶಪ್ಪನ ಕಲ್ಲಿದ್ದಲ ಡಿಪೋ. ಗೂಡ್ಸ್ ರೈಲಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಗುಡ್ಡವಾಗಿ ಬಿದ್ದಿರುತ್ತಿತ್ತು. ಆ ಗುಡ್ಡವನ್ನು ಎರಡರಷ್ಟು ಮಾಡಲು ಆತ ಈಗ ಅರ್ಜಿ ಹಾಕಿದ್ದ. ಇಂದುಧರನಿಗೋ ಮೂರು ವರ್ಷದಿಂದ ಒಂದೇ ಆಸೆ: ಬೆಳಗ್ಗೆ ತೊಟ್ಟ ಬಿಳಿಯ ಅಂಗಿ ಸಂಜೆಯವರೆಗೂ ಬಿಳಿಯಾಗಿಯೇ ಉಳಿಯಬೇಕು. ಕಚೇರಿಯ ಮೆಟ್ಟಿಲು ಹತ್ತಿದೊಡನೆ "ಬಂದ್ರಪ್ಪ ಇಂಜಿನ್ ಡ್ರೈವರ್!" ಎಂದು ಏಳುತ್ತಿದ್ದ ನಗು ಅವನೆದೆಯಲ್ಲಿ ಇದ್ದಲಿಗಿಂತ ಕಪ್ಪಾಗಿ ಕೂತಿತ್ತು.

ಒಂಬತ್ತು ಹೊಡೆದರೂ ಬಟ್ಟೆ ಹಾಲಿನಂತೆ ನಗುತ್ತಿತ್ತು. ಬಿದ್ದ ದೂಳನ್ನು ಗಾಳಿ ಮರುಕ್ಷಣವೇ ಗುಡಿಸಿಕೊಂಡು ಹೋಗುತ್ತಿತ್ತು. ಮಸಿ ಮೆತ್ತಿದ್ದು ಕಾವಲು ಕೂತವನ ಬೆವರಿದ ಅಂಗಿಗೆ ಮಾತ್ರ.

ಪಕ್ಕದ ತಾರಸಿಯಿಂದ ಕೊಬ್ಬರಿ ವ್ಯಾಪಾರಿ ಉಗ್ರಪ್ಪ ಕೂಗಿದ: "ಏನ್ರೀ ನೋಡ್ತಾ ಕೂತಿದೀರಿ? ಒಂದ್ ಹಿಡಿ ಒಲೆ ಮಸಿ ಉದುರಿಸ್ರಿ, ಮುಗೀತು!"

"ಮುದ್ರೆ ಇದೆ ಕಣ್ರೀ, ಕೆಲಸ ಹೋಗುತ್ತೆ!"

"ಕೆಲಸ ಹೋದ್ರೆ ಅಂಗಿ ಬೆಳ್ಳಗಿರ್ತದಲ್ರೀ!"

ಕೆಳಗಿನಿಂದ ಕಲ್ಲೇಶಪ್ಪ ಗಹಗಹಿಸಿದ: "ಇಳ್ದು ಬಂದು ತಿಂಡಿ ತಿನ್ನಿ ಗುಮಾಸ್ತರೇ. ಒಣ ಬಟ್ಟೆ ಮೇಲೆ ದೂಳು ನಿಂತದ್ದ ಯಾರ್ ಕಂಡವ್ರೆ?"

ಸೋತ ಮುಖದಿಂದ ಇಂದುಧರ ತಿಂಡಿಗೆ ಇಳಿದ. ಅರ್ಧ ಗಂಟೆ ಕಳೆದು ಮೇಲೆ ಬಂದವನು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟ. ಸರ್ಕಾರದ ಬಟ್ಟೆ ನೆನೆದು ತೊಪ್ಪೆಯಾಗಿತ್ತು; ಅದರ ತುಂಬ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಎದುರು ಮನೆಯ ಬಸಮ್ಮ ಕೊನೆಯ ಸೌಟು ಹಿಟ್ಟು ಬಿಡುತ್ತಿದ್ದಳು.

"ಬಸಮ್ಮೋರೇ! ಏನ್ ಮಾಡ್ಬಿಟ್ರಿ!"

"ಕಾಣಾಕಿಲ್ವಾ? ಸಂಡಿಗೆ. ಒಳ್ಳೆ ಬಿಸ್ಲು, ಹಾಸಿದ ಬಿಳೀ ಬಟ್ಟೆ, ಮೂಲೆಮೂಲೆಗೂ ಕಲ್ಲು. ನಿಮ್ಮನೆಯೋರೇ ನಂಗೆ ಅಂತ ಹಾಸವ್ರೆ ಅಂದ್ಕಂಡೆ."

"ಅದು ಸರ್ಕಾರದ್ದು!"

"ಇರ್ಲಿ ಬಿಡಿ. ಸರ್ಕಾರಕ್ಕೂ ನಾಕು ಕರ್ದು ಕೊಟ್ರಾಯ್ತು."

ಕೀಳಲು ಹೋದರೆ ಹಸಿ ಹಿಟ್ಟು ಮುದ್ರೆಗೂ ಬಳಿದುಕೊಂಡಿತು. ಸಾವಿನ ಮನೆಯ ನೆಂಟನಂತೆ ಇಂದುಧರ ತಲೆಯ ಮೇಲೆ ಕೈಹೊತ್ತು ಅದರ ಪಕ್ಕದಲ್ಲೇ ಕೂತ.

ಸರಿಯಾಗಿ ನಾಲ್ಕಕ್ಕೆ ಜೀಪು ಬಂತು. ಅಜಿತ್ ಕುಮಾರರ ಬೆನ್ನಿಗೆ ಗರಿಗರಿ ಪಂಚೆಯ ಕಲ್ಲೇಶಪ್ಪನೂ ಮೆಟ್ಟಿಲು ಹತ್ತಿದ.

"ಏನ್ರೀ ಇದು?"

"ಸಂ... ಸಂಡಿಗೆ ಸಾರ್." ಇಂದುಧರ ಆಗಷ್ಟೇ ಕಣ್ತೆರೆದು ನೋಡಿದ. ಇರುಳನ್ನು ಯಾರೋ ತಿರುವಿಹಾಕಿದಂತಿತ್ತು: ಒಂದೊಂದು ಸಂಡಿಗೆಯೂ ಬೆಳ್ಳನೆಯ ಬಾನು, ಅದರ ತುಂಬ ಕರಿಯ ನಕ್ಷತ್ರಗಳು. ಒಣ ಬಟ್ಟೆ ಕೊಡವಿಕೊಂಡ ದೂಳನ್ನೆಲ್ಲ ಹಸಿ ಹಿಟ್ಟು ಹಿಡಿದಿಟ್ಟುಕೊಂಡಿತ್ತು.

"ಅದು ಎಳ್ಳು ಸ್ವಾಮಿ, ಕರೀ ಎಳ್ಳು!" ಕಲ್ಲೇಶಪ್ಪ ಥಟ್ಟನೆ ಹೇಳಿದ. "ನಮ್ ಕಡೆ ಸಂಡಿಗೇಗೆ ಹಂಗೇ ಹಾಕ್ತಾರೆ."

ಮೆಟ್ಟಿಲ ಮೇಲಿನಿಂದ ಗುಡುಗು ಕೇಳಿತು. "ನನ್ ಸಂಡಿಗೇಗೆ ಎಳ್ಳಾ?" ಬಸಮ್ಮ ಸೊಂಟಕ್ಕೆ ಸೆರಗು ಬಿಗಿದು ಬಂದಳು. "ಉಪ್ಪು, ಇಂಗು, ಮೆಣಸಿನಕಾಯಿ ಬಿಟ್ರೆ ಇನ್ನೊಂದು ಹಾಕಿದ್ರೆ ಕೇಳಿ! ಎಳ್ಳೇ ಆದ್ರೆ ತಿನ್ರೀ, ನೋಡಾನ!"

ಸುತ್ತಲ ತಾರಸಿಗಳ ಮೇಲೆ ಬೀದಿಯೇ ನೆರೆದಿತ್ತು. ಕಲ್ಲೇಶಪ್ಪ ವಿಧಿಯಿಲ್ಲದೆ ಒಂದನ್ನು ಬಾಯಿಗೆ ಹಾಕಿಕೊಂಡ. ಕರಕರ ಸದ್ದು ಉಗ್ರಪ್ಪನ ತಾರಸಿಗೂ ಕೇಳಿಸಿತು.

"ಹೇಗಿದೆ?" ಎಂದರು ಅಧಿಕಾರಿ.

"ಭೇಷಾಗೈತೆ ಸ್ವಾಮಿ" ಎಂದು ಆತ ನಕ್ಕ. ಹಲ್ಲಿನ ಸಾಲು ಜಂಕ್ಷನ್ನಿನ ಗೂಡ್ಸ್ ಬೋಗಿಗಳಂತೆ ಕರ್ರಗೆ ನಿಂತಿತ್ತು.

ಅಜಿತ್ ಕುಮಾರ್ ಮೊಣಕಾಲೂರಿ ಒಂದು ಸಂಡಿಗೆಯನ್ನು ಮೆಲ್ಲನೆ ಬಿಡಿಸಿದರು. ಅಡಿಯ ಬಟ್ಟೆ ಶುಭ್ರ; ಮಸಿಯೆಲ್ಲ ಮೇಲಿನಿಂದಲೇ ಬಿದ್ದದ್ದು. ಅಲ್ಲೇ ತೊಡೆಯ ಮೇಲೆ ಕಾಗದವಿಟ್ಟು ಬರೆದರು: ಅರ್ಜಿ ತಿರಸ್ಕೃತ; ಡಿಪೋ ಆರು ವಾರದೊಳಗೆ ಊರಾಚೆಗೆ ಹೋಗತಕ್ಕದ್ದು.

ಬೀದಿ ಚಪ್ಪಾಳೆಯಲ್ಲಿ ಮುಳುಗಿತು. ಉಗ್ರಪ್ಪ ಅಂಗಡಿಯಿಂದ ಕೊಬ್ಬರಿ ಹಾರ ತರಿಸಿ ಇಂದುಧರನ ಕೊರಳಿಗೂ ಬಸಮ್ಮನ ಸೌಟಿಗೂ ಹಾಕಿದ. ಸಣಕಲು ಗುಮಾಸ್ತ ಆ ಸಂಜೆ ಒಂದು ಗೇಣು ಎತ್ತರವಾದ.

ಏಳನೆಯ ವಾರ, ಹೊಸ ಬಿಳಿಯ ಅಂಗಿ ತೊಟ್ಟು ಇಂದುಧರ ಕಚೇರಿಯ ಮೆಟ್ಟಿಲು ಹತ್ತಿದ. ಯಾರೂ ನಗಲಿಲ್ಲ. ಎದೆಯುಬ್ಬಿಸಿ ಮೇಜಿನತ್ತ ಹೋದರೆ ಅಲ್ಲಿ ಮಂಡಳಿಯದೊಂದು ಆದೇಶ ಕಾದಿತ್ತು: 'ದೂಳಿನ ಪರೀಕ್ಷೆಗೆ ಒಣ ಬಟ್ಟೆಗಿಂತ ಹಸಿ ಸಂಡಿಗೆಯೇ ನಂಬಲರ್ಹವೆಂದು ಸಾಬೀತಾಗಿದೆ. ಊರಾಚೆಯ ಹೊಸ ಡಿಪೋದ ಅನುಮತಿಯನ್ನು ಪರಿಶೀಲಿಸುವ ಸಲುವಾಗಿ, ಈ ವಿಧಾನದಲ್ಲಿ ನುರಿತ ಶ್ರೀ ಇಂದುಧರ ಅವರು ಇಂದಿನಿಂದ ಒಂದು ವರ್ಷ ಪ್ರತಿದಿನ ಡಿಪೋದ ಒಳಗೇ ಕುಳಿತು ಸಂಡಿಗೆ ಇಟ್ಟು ಕಾಯತಕ್ಕದ್ದು.'

ಹತ್ತೂವರೆಗೆ ಆತ ಕಲ್ಲಿದ್ದಲ ಗುಡ್ಡದ ಬುಡದಲ್ಲಿ ಹಿಟ್ಟಿನ ಪಾತ್ರೆಯೊಡನೆ ಕೂತಿದ್ದ. ಕಲ್ಲೇಶಪ್ಪ ತಾನೇ ಮಣೆ ತಂದು ಹಾಕಿದ.

"ಎಳ್ಳು ಸಾಲದೆ ಬಂದ್ರೆ ಕೇಳಿ ಗುಮಾಸ್ತರೇ" ಎಂದ.

ಗಾಳಿ ಬೀಸಿತು. ಹೊಸ ಅಂಗಿಯ ತುಂಬ ಒಂದೊಂದಾಗಿ ಕರಿಯ ನಕ್ಷತ್ರಗಳು ಮೂಡತೊಡಗಿದವು.