ಟಾಂಕಿಯೊಳಗೆ ಉಳಿದ ನಟ್ಟು

ನಮ್ಮ ಕಾಕಾ ಮೂವತ್ತು ವರ್ಷಗಳಿಂದ ಮೋಟಾರ್‌ಸೈಕಲ್ ಓಡಿಸುತ್ತಿದ್ದಾರೆ, ಆದರೆ ಇದುವರೆಗೆ ಎಲ್ಲಿಗೂ ಹೋಗಿಲ್ಲ! ಇದು ನನ್ನ ಮಾತಲ್ಲ, ಅವರ ಹೆಂಡತಿ ನಮ್ಮ ಕಾಕುವಿನದು. ನಂಬಿಕೆ ಬರದಿದ್ದರೆ ಒಂದು ಭಾನುವಾರ ಬೆಳಗ್ಗೆ ಹೈದರಾಬಾದಿನ ಖಾಜಾಗುಡದ ಬಂಡೆಗಳ ಹತ್ತಿರ ಬಂದು ನೋಡಿ. ಅರವತ್ತರ ಅಂಚಿನ ಮನುಷ್ಯರೊಬ್ಬರು ಮನೆಯಷ್ಟೆತ್ತರದ ಬಂಡೆಯ ಮೇಲೆ ಗಾಡಿ ಹತ್ತಿಸಿಕೊಂಡು, ಅದರ ಮೇಲೆ ನೆಟ್ಟಗೆ ನಿಂತು, ಉಸಿರು ಬಿಗಿಹಿಡಿದು, ಅರ್ಧ ಗಂಟೆಯಲ್ಲಿ ನಲವತ್ತು ಅಡಿ ಮುಂದೆ ಹೋಗಿರುತ್ತಾರೆ. ಅಷ್ಟರಲ್ಲಿ ಅದೇ ಬಂಡೆಯನ್ನು ಓತಿಕ್ಯಾತವೊಂದು ಎರಡು ಸಲ ಹತ್ತಿ ಇಳಿದಿರುತ್ತದೆ.

ಈ ಆಟಕ್ಕೆ ಟ್ರಯಲ್ಸ್ ಎನ್ನುತ್ತಾರೆ. ಬೇರೆಯವರು ಮೋಟಾರ್‌ಸೈಕಲ್‌ನಲ್ಲಿ ಬೇಗ ಹೋಗಿ ಗೆದ್ದರೆ, ಇದರಲ್ಲಿ ನಿಧಾನವಾಗಿ ಹೋಗಿ ಗೆಲ್ಲಬೇಕು. ಕಲ್ಲು, ಕೊರಕಲು, ಬಂಡೆಗಳ ಮೇಲೆ ಕಾಲು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಊರಿದರೆ ಒಂದು ತಪ್ಪು. ತಪ್ಪು ಎಣಿಸಲು ಒಬ್ಬರು ಬದಿಯಲ್ಲಿ ಕೂತಿರಬೇಕು. ಗಾಡಿಗೆ ಸೀಟೇ ಇರುವುದಿಲ್ಲ, ಏಕೆಂದರೆ ಕೂರುವ ಪ್ರಶ್ನೆಯೇ ಇಲ್ಲ. ಮದುವೆಯಾದ ಹೊಸದರಲ್ಲಿ ಕಾಕು ಈ ಗಾಡಿಯನ್ನು ಸುತ್ತಲೂ ನೋಡಿ, "ನಾ ಎಲ್ಲಿ ಕೂಡ್ಲಿರಿ?" ಎಂದು ಕೇಳಿದರಂತೆ. ಕಾಕಾ ತುಂಬ ಯೋಚಿಸಿ, "ಬಂಡಿಗಲ್ಲಿನ ಮ್ಯಾಲ ಕೂಡು. ಎಣಿಸಾಕ ಒಬ್ಬರು ಬೇಕಾಗಿತ್ತು" ಅಂದರಂತೆ. ಹೀಗೆ ನಮ್ಮ ಕಾಕು ಮಧುಚಂದ್ರಕ್ಕೆ ಹೋಗುವ ಬದಲು ತೀರ್ಪುಗಾರರಾದರು.

ಅಂದಿನಿಂದ ಪ್ರತಿ ಭಾನುವಾರ ಸನತ್‌ನಗರದ ನಮ್ಮ ಮನೆಯಿಂದ ಈ ಜೋಡಿಯ ಮೆರವಣಿಗೆ. ಮುಂದೆ ಗಾಡಿಯ ಮೇಲೆ ನಿಂತುಕೊಂಡು ಕಾಕಾ, ಹಿಂದೆ ಆಟೋದಲ್ಲಿ ಛತ್ರಿ ಮತ್ತು ಮೆಂತ್ಯೆ ಸೊಪ್ಪಿನ ಚೀಲದೊಂದಿಗೆ ಕಾಕು. "ಉನೋ ಗಾಡಿ ಪೇ ಜಾರೇ, ತುಮ್ ಆಟೋ ಮೇ ಕೈಕೂ ಅಮ್ಮಾ? ಝಗಡಾ ಹುವಾ ಕ್ಯಾ?" ಎಂದು ಆಟೋದವನು, ಗಂಡಹೆಂಡಿರಿಗೆ ಜಗಳವಾಗಿದೆಯೇನೋ ಎನ್ನುವ ಕನಿಕರದಿಂದ ಕೇಳುತ್ತಿದ್ದ. "ಅಭೀ ನೈ ಹುವಾ. ಉದರ್ ಜಾಕೆ ಹೋತಾ" ಎಂದು ಕಾಕು ತಣ್ಣಗೆ ಹೇಳುತ್ತಿದ್ದರು.

ಹೇಳಿದಂತೆ ಅಲ್ಲಿ ಹೋದಮೇಲೆ ಜಗಳ ನಡೆಯುತ್ತಲೇ ಇತ್ತು. ಕಾಕು ಮೆಂತ್ಯೆ ಸೊಪ್ಪು ಬಿಡಿಸುತ್ತ ಓರೆಗಣ್ಣಿನಲ್ಲಿ ನೋಡುವರು. ಗಾಡಿಗೆ ಎಷ್ಟು ಗೇರು ಎನ್ನುವುದು ಅವರಿಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಕಾಕಾನ ಕಾಲು ಅವರ ಕಣ್ಣು ತಪ್ಪಿಸಿ ನೆಲ ಮುಟ್ಟಿದ್ದಿಲ್ಲ.

"ಮೂರು."

"ಎರಡ. ಆ ಕಾಲು ಊರಿದ್ದಲ್ಲ, ಬರೇ ತಾಗಿದ್ದು."

"ತಾಗಿದ್ದಕ್ಕ ಬೂಟಿಗೆ ಇಷ್ಟು ಧೂಳು ಬಡೀತೇನ್ರಿ? ಮೂರು."

ಮನೆಗೆ ಬಂದು ಊಟಕ್ಕೆ ಕೂತರೂ ಆ ಮೂರನೆಯ ಕಾಲಿನ ಚರ್ಚೆ ಮುಗಿಯುತ್ತಿರಲಿಲ್ಲ. ಕಾಕಾ ಒಂದೇ ಒಂದು ಅಂಕವನ್ನೂ ಸುಲಭಕ್ಕೆ ಬಿಟ್ಟುಕೊಟ್ಟವರಲ್ಲ.

ಈಗ ಟಾಂಕಿಯ ವಿಷಯಕ್ಕೆ ಬರುತ್ತೇನೆ. ಕಾಕಾನ ನಿಜವಾದ ಹುಚ್ಚು ಗಾಡಿಯದಲ್ಲ, ಪೆಟ್ರೋಲ್ ಟಾಂಕಿಯದು. ಹೊಟ್ಟೆಪಾಡಿಗೂ ಅವರು ಮಾಡುವುದು ಅದೇ ಕೆಲಸ. ಸನತ್‌ನಗರದ ಒಂದು ಸಣ್ಣ ಶೆಡ್ಡಿನಲ್ಲಿ ತಗಡು ಬಡಿದು, ಪಟಾನ್‌ಚೆರುವಿನ ಕಾರ್ಖಾನೆಗಳಿಗೆ ಡ್ರಮ್ಮು, ಟಾಂಕಿ ಮಾಡಿಕೊಡುತ್ತಾರೆ. ತಮ್ಮ ಗಾಡಿಯ ಟಾಂಕಿಯನ್ನೂ ಕೈಯಾರೆ ಮಾಡಿಕೊಂಡವರು. ಮೂರು ಲೀಟರ್ ಹಿಡಿಯುವ, ಚಪಾತಿ ಡಬ್ಬಿಗಿಂತ ತುಸು ದೊಡ್ಡದಾದ ವಸ್ತು. ಬಂಡೆಯ ಮೇಲೆ ಗಾಡಿ ಬಿದ್ದೇ ಬೀಳುತ್ತದೆ, ಬಿದ್ದಾಗ ಟಾಂಕಿ ಒಡೆಯಬಾರದು. "ತಗಡು ದಪ್ಪ ಇದ್ದರ ಗಟ್ಟಿ ಅಂತ ತಿಳ್ಕೊಂಡಾರ ಮಂದಿ. ದಪ್ಪಂದು ಸೀಳತೈತಿ. ತೆಳುವಂದು ನೆಗ್ಗತೈತಿ, ಆದರ ಬದುಕತೈತಿ" ಎನ್ನುವುದು ಅವರ ಸಿದ್ಧಾಂತ. ನೆಗ್ಗಿದ್ದನ್ನು ಬಡಿದು ಸರಿಮಾಡಲು ಬಿಡುವವರೂ ಅಲ್ಲ. ಟಾಂಕಿಯ ಎಡಗಡೆಯ ಗುಳಿ ನಾನು ಮೆಟ್ರಿಕ್ ಪಾಸಾದ ವರ್ಷದ್ದು, ಬಲಗಡೆಯದು ನಮ್ಮಪ್ಪನ ಆಪರೇಷನ್ ಆದ ವಾರದ್ದು. ನಮ್ಮ ಮನೆಯಲ್ಲಿ ಯಾವ ಸಂಗತಿ ಯಾವಾಗ ನಡೆಯಿತೆಂದು ಗೊತ್ತಾಗದಿದ್ದರೆ ಟಾಂಕಿಯನ್ನು ನೋಡಿ ಹೇಳುತ್ತೇವೆ.

ಟಾಂಕಿ ಗಟ್ಟಿ ಇದೆಯೋ ಇಲ್ಲವೋ ನೋಡಲು ಕಾಕಾ ಅದನ್ನು ಒಳಂಗಳದ ಕಲ್ಲಿನ ಮೇಲೆ ಹತ್ತು ಸಲ ಎತ್ತಿ ಹಾಕುತ್ತಿದ್ದರು. ಒಮ್ಮೆ ಪಕ್ಕದ ಮನೆಯ ತೆಲುಗು ಹೆಂಗಸು ಆ ಸದ್ದು ಕೇಳಿ, ಗಂಡಹೆಂಡಿರು ಪಾತ್ರೆ ಎಸೆದಾಡುತ್ತಿದ್ದಾರೆಂದು ಓಡಿಬಂದಳು. "ಏಮೈಂದಿ ವದಿನಾ?" ಎಂದು, ಏನಾಯಿತೋ ಎಂಬ ಗಾಬರಿಯಲ್ಲಿ ಕಾಕುವಿನ ಕೈ ಹಿಡಿದುಕೊಂಡಳು. ಒಳಗೆ ಹತ್ತನೆಯ ಸಲ ಸದ್ದಾಯಿತು. ಕಾಕು ಕಿವಿಗೊಟ್ಟು ಕೇಳಿ, ಸಮಾಧಾನದ ಉಸಿರು ಬಿಟ್ಟು, "ಪಾಸಾಯಿಂದಿ" ಅಂದರು. ಆಕೆ ಯಾವ ಪರೀಕ್ಷೆಯೆಂದು ಕೇಳುವ ಧೈರ್ಯ ಮಾಡಲಿಲ್ಲ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆಯನ್ನಂತೂ ನಮ್ಮ ಬಳಗ ಇನ್ನೂ ಮರೆತಿಲ್ಲ. ಹಿರಿಯರೆಲ್ಲ ಒಳಗೆ ಅವಲಕ್ಕಿ ತಿನ್ನುತ್ತಿದ್ದರೆ, ಕಾಕಾ ಹೊರಗೆ ಹುಡುಗನ ಬೈಕಿನ ಟಾಂಕಿಗೆ ಬೆರಳಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ, ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ಒಳಗೆ ಬಂದು ಎಲ್ಲರೆದುರು ಹೇಳಿಯೇ ಬಿಟ್ಟರು: "ತಮ್ಮಾ, ಒಳಗ ತುಕ್ಕು ಐತಿ. ಟಾಂಕಿ ನೋಡ್ಕೊಳ್ಳದಾಂವ ಹೆಂಡತೀನ್ನ ಏನ್ ನೋಡ್ಕೋತೀಯೋ?"

ಅಪ್ಪ ತಲೆಯ ಮೇಲೆ ಕೈಹೊತ್ತರು. ಮಾತು ಮುರಿಯಿತೆಂದು ನಾನು ಸೀರೆ ಬಿಚ್ಚಿ ಚೂಡಿದಾರ್ ಹಾಕಿಕೊಂಡೆ. ಆದರೆ ಮರುವಾರ ಆ ಹುಡುಗ ಟಾಂಕಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಒಬ್ಬನೇ ಬಂದು, "ತುಕ್ಕು ಹೆಂಗ ತಗೀಬೇಕ್ರಿ?" ಎಂದು ಕಾಕಾನನ್ನು ಕೇಳಿದ. ಈಗ ಅವನೇ ನನ್ನ ಯಜಮಾನ. ನಾವಿಬ್ಬರೂ ಮಾದಾಪುರದ ಆಫೀಸುಗಳಲ್ಲಿ ದುಡಿಯುತ್ತೇವೆ. ನಮ್ಮ ಬೈಕಿನ ಟಾಂಕಿ ಮಾತ್ರ ಒಳಗೂ ಹೊರಗೂ ಫಳಫಳ ಹೊಳೆಯುತ್ತದೆ.

ತುಕ್ಕು ತೆಗೆಯುವ ವಿದ್ಯೆ ಅಡುಗೆಮನೆಯಿಂದ ಬಂದದ್ದು. ಹುಣಸೆಹಣ್ಣು ಕಿವುಚಿದ ನೀರನ್ನು ಟಾಂಕಿಗೆ ತುಂಬಿ, ಒಂದು ಹಿಡಿ ನಟ್ಟು ಹಾಕಿ, ಮಗುವನ್ನು ತೂಗಿದ ಹಾಗೆ ತೂಗಬೇಕು. ನಟ್ಟುಗಳು ಉರುಳಾಡಿ ತುಕ್ಕನ್ನು ಕೆರೆಯುತ್ತವೆ. ಆ ದಿನ ನಮ್ಮ ಮನೆಯಲ್ಲಿ ಸಾರಿಗೆ ಹುಳಿ ಇರುವುದಿಲ್ಲ. ಬಂದ ನೆಂಟರಿಗೂ ಚಹಾ ಕೊಡುವ ಮೊದಲು ಟಾಂಕಿ ಕೊಟ್ಟು ತೂಗಲು ಹಚ್ಚುತ್ತಾರೆ. ಎಷ್ಟು ನಟ್ಟು ಹಾಕಿದ್ದೇವೋ ಅಷ್ಟನ್ನೂ ಎಣಿಸಿ ತೆಗೆಯುವುದು ಕಾಕಾನ ಕಟ್ಟುನಿಟ್ಟು. ಒಂದು ಒಳಗೆ ಉಳಿದರೂ ಅದು ವರ್ಷಗಟ್ಟಲೆ ಉರುಳಿ ಉರುಳಿ ತಗಡನ್ನು ಸವೆಸಿ ತೂತು ಬೀಳಿಸುತ್ತದೆ. ಶೆಡ್ಡಿನ ಹುಡುಗರು ಯಾರಾದರೂ ಹಾಗೆ ಮರೆತರೆ ಅವರ ಮೂರು ತಲೆಮಾರಿನವರಿಗೂ ಬೈಗುಳ ಬೀಳುತ್ತಿತ್ತು.

ಎರಡು ವರ್ಷಗಳ ಹಿಂದೆ ಕಾಕುವಿನ ಕಣ್ಣು ಮಬ್ಬಾಗತೊಡಗಿತು. ಪೊರೆ ಇರಬೇಕು, ತೆಗೆಸಿದರಾಯಿತು ಎಂದುಕೊಂಡೆವು. ಕಣ್ಣೊಳಗಿನ ಒತ್ತಡ ನರವನ್ನೇ ತಿಂದುಹಾಕಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ಕೆಲವೇ ತಿಂಗಳಲ್ಲಿ ಅವರಿಗೆ ಬೆಳಕು ಮತ್ತು ನೆರಳು ಮಾತ್ರ ಉಳಿದವು. "ನಾ ಬಂದು ಏನ್ ನೋಡ್ಲಿರಿ, ನೀವ ಹೋಗಿ ಬರ್ರಿ" ಎಂದು ಭಾನುವಾರ ಮನೆಯಲ್ಲೇ ಕೂತರು. ಕಾಕಾ ಹೋಗಲಿಲ್ಲ. ಗಾಡಿಗೆ ಕಾಕುವಿನ ಹಳೆಯ ಸೀರೆ ಹೊದಿಸಿ ಗೋಡೆಗೆ ಒರಗಿಸಿದರು. ಆರು ತಿಂಗಳು ಮನೆಯಲ್ಲಿ ಕಾಲಿನ ಜಗಳವೇ ಇರಲಿಲ್ಲ. ಆ ಶಾಂತಿ ನಮಗೆ ಯಾರಿಗೂ ಬೇಡವಾಗಿತ್ತು.

ನಿಂತ ಗಾಡಿಯ ಟಾಂಕಿಗೆ ತುಕ್ಕು ಹಿಡಿಯಿತು. ಈಗಿನ ಪೆಟ್ರೋಲಿನಲ್ಲಿ ಬೆರೆಸಿದ ಸ್ಪಿರಿಟ್ಟು ನೀರನ್ನು ಎಳೆದುಕೊಳ್ಳುತ್ತದಂತೆ, ಹಾಗೆ ಬಿಟ್ಟರೆ ಬೇಗ ತುಕ್ಕಂತೆ. ತಗಡು ಹಾಳಾಗುವುದನ್ನು ನೋಡಲಾರದೆ ಕಾಕಾ ಒಂದು ದಿನ ಟಾಂಕಿ ಇಳಿಸಿದರು. ಹುಣಸೆ ನೀರು ಬಂತು, ಇಪ್ಪತ್ತೊಂದು ನಟ್ಟು ಬಂದವು. ನಾನೂ ನನ್ನ ಗಂಡನೂ ಸರದಿಯ ಮೇಲೆ ತೂಗಿದೆವು. ಕೊನೆಗೆ ತಟ್ಟೆಗೆ ಸುರಿದು ಎಣಿಸಿದರೆ ಇಪ್ಪತ್ತು! ಎಷ್ಟು ಅಲ್ಲಾಡಿಸಿದರೂ ಇಪ್ಪತ್ತೊಂದನೆಯದು ಒಳಗೇ ಉರುಳಾಡಿತೇ ಹೊರತು ಟಾಂಕಿಯ ಬಾಯಿಗೆ ಬರಲಿಲ್ಲ.

"ಸೋಮವಾರ ಶೆಡ್ಡಿಗೆ ಒಯ್ದು ಲೋಹಚುಂಬಕ ಹಾಕಿ ಎಳೀತೀನಿ" ಅಂದರು ಕಾಕಾ. ಅದರ ಮೊದಲು ಭಾನುವಾರ ಬಂತು. ತೊಳೆದ ಟಾಂಕಿ ಕೂಡಿಸಿದ ಮೇಲೆ ಗಾಡಿಯನ್ನು ಒಮ್ಮೆ ಓಡಿಸಿ ನೋಡುವ ಆಸೆ ಕಾಕಾನಿಗೆ. ಕಾಕುವನ್ನು ಮನೆಯಲ್ಲಿ ಒಬ್ಬರನ್ನೇ ಬಿಡಲು ಮನಸ್ಸಾಗದೆ, ಗಾಳಿಗೆ ಕೂತುಕೊಳ್ಳಲಿ ಎಂದು ಬಂಡೆಗಳ ಹತ್ತಿರ ಕರೆದುಕೊಂಡು ಹೋದರು. ಆಮೇಲೆ ಸೋಮವಾರಗಳು ಬಂದವು, ಹೋದವು. ನಟ್ಟು ಟಾಂಕಿಯಲ್ಲೇ ಉಳಿಯಿತು. ಭಾನುವಾರದ ಮೆರವಣಿಗೆ ಮತ್ತೆ ಶುರುವಾಯಿತು. ಈ ಎರಡಕ್ಕೂ ಸಂಬಂಧವಿದೆಯೆಂದು ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ನಾವು ಬುದ್ಧಿವಂತರು, ಮಾದಾಪುರದಲ್ಲಿ ಕೆಲಸ ಮಾಡುವವರು ನೋಡಿ!

"ಕಾಕಾ, ಆ ನಟ್ಟು ತಗದ್ರ್ಯೋ ಇಲ್ಲೋ?" ಎಂದರೆ, "ತಗಿಯೂಣಂತ, ಅವಸರ ಏನೈತಿ?" ಎನ್ನುವರು. ಟಾಂಕಿಗೆ ಇರುವೆ ಕಡಿದರೂ ಸಹಿಸದ ಮನುಷ್ಯ! ವಯಸ್ಸಾಯಿತು, ಮರೆವು ಬಂದಿದೆ ಎಂದು ನಾನು ಒಳಗೊಳಗೇ ಹೆದರಿದೆ. ಕಾಕಾನ ಅರವತ್ತನೆಯ ಹುಟ್ಟುಹಬ್ಬಕ್ಕೆ ನನ್ನ ಗಂಡ ಎಲ್ಲಿಂದಲೋ ಹುಡುಕಿ ಒಂದು ಪ್ಲಾಸ್ಟಿಕ್ ಟಾಂಕಿ ತರಿಸಿದ. ತುಕ್ಕಿಲ್ಲ, ನೆಗ್ಗುವುದಿಲ್ಲ, ಬಂಡೆಯಿಂದ ಎಸೆದರೂ ಚೆಂಡಿನಂತೆ ಪುಟಿದು ಬರುತ್ತದೆ. ಕಾಕಾ ಅದಕ್ಕೆ ಬೆರಳಗೆಣ್ಣಿನಿಂದ ಬಡಿದರು. ಅದು "ದಬ್" ಎಂದಿತು.

"ಗಟ್ಟಿ ಐತಿ, ಅಳಿಯಾರ. ಆದರ ಮಾತಾಡಂಗಿಲ್ಲ."

"ಟಾಂಕಿ ಯಾಕ ಮಾತಾಡಬೇಕ್ರಿ ಮಾವಾರ?" ಎಂದ ನನ್ನ ಗಂಡ. ಅಳಿಯನ ಮನಸ್ಸು ನೋಯಬಾರದೆಂದು ಕಾಕಾ ಆ ಭಾನುವಾರ ಅದನ್ನೇ ಹಾಕಿಕೊಂಡು ಹೊರಟರು. ಹಳೆಯದನ್ನೂ ಆಟೋದಲ್ಲಿ ಕಾಕುವಿನ ತೊಡೆಯ ಮೇಲೆ ಇಟ್ಟರು. ನಾವಿಬ್ಬರೂ ಜೊತೆಗೆ ಹೋದೆವು.

ಕಾಕು ತಮ್ಮ ಎಂದಿನ ಕಲ್ಲಿನ ಮೇಲೆ ಛತ್ರಿ ಬಿಡಿಸಿ ಕೂತರು. ಕಾಕಾ ಬಂಡೆ ಹತ್ತತೊಡಗಿದರು. ಸ್ವಲ್ಪ ಹೊತ್ತಿಗೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಕಾಕುವಿನ ಬೆರಳು ನಿಂತವು. ಮುಖ ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಏನ್ರಿ," ಎಂದು ಕರೆದರು, "ಗಾಡಿ ಸಪ್ಪಳ ಕೇಳಾಕತ್ತೈತಿ, ನಿಮ್ಮದ ಕೇಳವಲ್ದು."

ಕಾಕಾ ಬಂಡೆಯ ಅರ್ಧದಲ್ಲಿದ್ದರು. ಅವರು ಎರಡೂ ಕಾಲು ಒಟ್ಟಿಗೆ ಊರಿದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದೆ. ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಮೆಲ್ಲಗೆ ಕೆಳಗೆ ತಂದು, ಪ್ಲಾಸ್ಟಿಕ್ ಟಾಂಕಿ ಬಿಚ್ಚಿದರು. ಕಾಕುವಿನ ಪಕ್ಕದಲ್ಲಿದ್ದ ಹಳೆಯದನ್ನು ಎತ್ತಿಕೊಂಡಾಗ ಒಳಗೆ ನಟ್ಟು ಕಿಣಿಕ್ ಎಂದು ಉರುಳಿತು. ಕಾಕುವಿನ ಮುಖ ತಟ್ಟನೆ ಆ ಕಡೆ ಹೊರಳಿತು.

"ಆವತ್ತು ಗಾಳಿಗಂತ ಕರ್ಕೊಂಡು ಬಂದಿದ್ದೆ," ಎಂದರು ಕಾಕಾ, ಬೋಲ್ಟು ಬಿಗಿಯುತ್ತ, ನಮ್ಮ ಕಡೆ ನೋಡದೆ. "ಬಂಡಿಗಲ್ಲು ಇಳದು ಬಂದ್ನಿ. ನಾ ಬಾಯಿ ಬಿಡೂದ್ರಾಗ, ಎರಡು ಸಲ ಊರಿದ್ರಿ ಅಂದಳು. ಹೆಂಗ ಗೊತ್ತಾತು ಅಂದ್ನಿ. ಗಾಡಿ ವಾಲಿದಾಗ ನಟ್ಟು ಉರುಳತೈತಿ, ಕಾಲು ಊರಿದಾಗ ಠಣ್ ಅಂತ ಬಡೀತೈತಿ ಅಂದಳು. ಮತ್ತ ಅದನ್ನ ಹೆಂಗ ತಗೀಲಿ?"

ನನ್ನ ಗಂಡ ಬಗ್ಗಿ ಹಳೆಯ ಟಾಂಕಿಯನ್ನು ನೋಡಿದ. "ಆದರ ಮಾವಾರ, ತಗಡು ಸವೀತೈತ್ರಿ. ಮೂರ್ನಾಲ್ಕು ವರ್ಷದಾಗ ತೂತು ಬೀಳತೈತಿ."

"ಬಿದ್ದರ ಬೀಳಲಿ. ಇನ್ನೊಂದು ಮಾಡಾಕತ್ತೀನಿ. ಬೆಸುಗಿ ಹಾಕೂಕಿಂತ ಮೊದಲ ನಟ್ಟು ಒಳಗ ಹಾಕೀನಿ."

ನನಗೆ ಅಳು ಬಂತು. ಮುಚ್ಚಿಡುವುದೇನು? ಇವರಿಗೆ ಮರೆವು ಬಂದಿದೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಕಾಕಾ ಮತ್ತೆ ಬಂಡೆ ಹತ್ತಿದರು. ಈಗ ನನಗೂ ಕೇಳತೊಡಗಿತು. ಎಂಜಿನ್ನಿನ ಡುಗುಡುಗು ನಡುವೆ ಸಣ್ಣಗೆ ಕಿಣಿಕ್, ಕಿಣಿಕ್. ಕಾಕು ಕಣ್ಣು ಮುಚ್ಚಿ, ಸೊಪ್ಪು ಬಿಡಿಸುತ್ತ, ತಲೆಯನ್ನು ಅದರೊಂದಿಗೇ ತಿರುಗಿಸುತ್ತಿದ್ದರು. ಬಂಡೆಯ ತುದಿಯಲ್ಲಿ ಗಾಡಿ ತುಸು ಹೊಯ್ದಾಡಿತು. ಕಾಕಾ ಇಳಿದು ಬಂದು ಹೆಲ್ಮೆಟ್ ತೆಗೆದರು.

"ಎಷ್ಟು?"

"ಎರಡು," ಅಂದರು ಕಾಕು.

ನಾನು ಕಣ್ಣು ಮಿಟುಕಿಸದೆ ನೋಡಿದ್ದೆ. "ಇಲ್ಲ ಕಾಕು, ಒಂದ ಸಲ. ನಾ ನೋಡೀನ್ರಿ."

"ಹುಚ್ಚಿ, ನೀ ಈ ಕಡಿ ಕುಂತೀದಿ. ಆ ಕಡೀ ಕಾಲು ನಿನಗೆಲ್ಲಿ ಕಾಣಬೇಕು?" ಎಂದರು ಕಾಕಾ. ಮೂವತ್ತು ವರ್ಷ ಒಂದೊಂದು ಅಂಕಕ್ಕೂ ಜಗಳವಾಡಿದವರ ಮುಖದಲ್ಲಿ ಅಂದು ಸಿಕ್ಕಿಬಿದ್ದ ಖುಷಿ ತುಂಬಿ ತುಳುಕುತ್ತಿತ್ತು. "ಆಕಿ ಹೇಳಿದ್ದ ಖರೆ. ಎರಡು."

"ಇಷ್ಟು ಲಗೂನ ಒಪ್ಪಿಕೊಂಡ್ರೇನು?" ಎಂದು ಕಾಕು ಹುಬ್ಬೇರಿಸಿದರು. "ಹಂಗಾರ ಮೂರ ಆಗಿರಬೇಕು."

"ಏ, ಮೂರು ಹೆಂಗ? ಅದು ಬರೇ ತಾಗಿದ್ದು!" ಎಂದರು ಕಾಕಾ. ಮನೆ ತಲುಪಿ, ಕೈಕಾಲು ತೊಳೆದು, ಊಟಕ್ಕೆ ಕೂತು ಮೆಂತ್ಯೆ ಪಲ್ಯ ಬಡಿಸಿಕೊಂಡರೂ ಅವರಿಬ್ಬರ ಜಗಳ ನಡೆದೇ ಇತ್ತು.