ದವಡೆ ತುಂಬಿದ ರಿಯಾಕ್ಟರ್

"ಅಂಗಡಿಯಿಂದ ಕೊಂಡು ತರೋನು ಗಿರಾಕಿ. ಅದನ್ನೇ ಮನೇಲಿ ಕೂತು ಕಟ್ಟೋನು ಸೃಷ್ಟಿಕರ್ತ!" ಎಂದು ದಂತಶಿಲ್ಪಿ ಊಟದ ಮೇಜನ್ನು ಗುದ್ದಿದ. ಲೋಟ ಉರುಳಿ ನೀರೆಲ್ಲ ಹೆಂಡತಿಯ ಮಡಿಲಿಗೆ ಹರಿಯಿತು.

"ಶುರುವಾಯ್ತು ಸೃಷ್ಟಿ," ಎಂದು ಅವಳು ಬಟ್ಟೆ ಕೊಡವಿಕೊಂಡು ಎದ್ದಳು.

ದಂತಶಿಲ್ಪಿ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಬಿರುದು. ದಂತವೈದ್ಯರು ಬೋಳುಬಾಯಿಗಳ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ದವಡೆಯ ಮೇಲೆ ಗುಲಾಬಿ ವಸಡು ಕಟ್ಟಿ, ಹಲ್ಲು ಜೋಡಿಸಿ ಕೊಡುವುದು ಅವನ ಕಸುಬು. ಮನೆಯ ಹಿಂದಿನ ಕೋಣೆಯೇ ಕಾರ್ಖಾನೆ. ಊರಿನ ಅರ್ಧ ಜನ ನಗುವುದು ತನ್ನ ಹಲ್ಲಿನಿಂದ ಎಂದು ಅವನಿಗೆ ಹೆಮ್ಮೆ. ಉಳಿದರ್ಧ ಜನ ಅವನನ್ನು ನೋಡಿ ನಗುತ್ತಾರೆಂದು ಹೆಂಡತಿಯ ಅಂಬೋಣ.

ಆದರೆ ಆ ದಿನಗಳಲ್ಲಿ ಆ ಮನೆಯಲ್ಲಿ ನಗು ತೀರ ತುಟ್ಟಿಯಾಗಿತ್ತು. ನಡುಮನೆಯ ಮಂಚದ ಮೇಲೆ ಮಾವ, ಹೆಂಡತಿಯ ಅಪ್ಪ, ಮಲಗಿದ್ದರು. ಬದುಕಿಡೀ ಬಂದರಿನಲ್ಲಿ ಕ್ರೇನ್ ಓಡಿಸಿ, ಹಡಗುಗಳನ್ನೇ ಗದರಿಸಿದ ಮನುಷ್ಯ. ಪಾರ್ಶ್ವವಾಯು ಬಡಿದು ಮಾತು ಪೂರ್ತಿ ನಿಂತಿತ್ತು. ಒಂದು ಎಡಗೈ, ಎರಡು ಕಣ್ಣು, ಇಷ್ಟು ಮಾತ್ರ ಅವರ ಹೇಳಿಕೆ ಕೇಳುತ್ತಿದ್ದವು. ಮಂಚದೆದುರಿಗೆ ಅವರೇ ಸಾಕಿ, ತಮ್ಮ ಜೊತೆಗೇ ತಂದಿದ್ದ ಉಪ್ಪುನೀರಿನ ಗಾಜಿನ ತೊಟ್ಟಿ. ಅದರೊಳಗೆ ಎರಡು ಕಿತ್ತಳೆ ಬಣ್ಣದ ಮೀನು, ಒಂದು ಜೀವಂತ ಹವಳ. ಹವಳವೆಂದರೆ ಉಂಗುರದ ಕೆಂಪು ಹರಳಲ್ಲ. ಕಲ್ಲಿನಂಥ ಬುಡ, ಬುಡದ ತುದಿಗೆಲ್ಲ ಹಸಿರು ಬೆರಳಿನಂಥ ಕುಡಿಗಳು. ನೀರು ಅಲುಗಿದರೆ ಅವೂ ಮೆಲ್ಲಗೆ ಅಲುಗುತ್ತಿದ್ದವು. ಬೆಳಗಾಗೆದ್ದು ಮಾವನ ಕಣ್ಣು ಆ ತೊಟ್ಟಿಗೆ ನೆಟ್ಟರೆ ಕತ್ತಲಾಗುವ ತನಕ ಕೀಳುತ್ತಿರಲಿಲ್ಲ.

ಹೆಂಡತಿಗೆ ಅಕ್ಕ ಒಬ್ಬಳಿದ್ದಳು. ದೂರದೂರಿನಲ್ಲಿ ಬಸ್ ಓಡಿಸುತ್ತಿದ್ದಳು. ಅಪ್ಪನೊಂದಿಗೆ ಜಗಳವಾಡಿಕೊಂಡು ಹೋದವಳು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಜಗಳ ಯಾಕೆ ಬಂತೆಂಬುದು ಇಬ್ಬರಿಗೂ ಮರೆತುಹೋಗಿತ್ತು, ಸಿಟ್ಟು ಮಾತ್ರ ಜ್ಞಾಪಕವಿತ್ತು. ಆದರೂ ಅವಳ ಫೋನು ಬರುತ್ತಿತ್ತು.

"ಹೇಗಿದಾರೆ?"

"ಹವಳ ನೋಡ್ಕೊಂಡು ಚೆನ್ನಾಗೇ ಇದಾರೆ ಅಕ್ಕ. ಅದು ಇರೋ ತನಕ ಅಪ್ಪನಿಗೇನೂ ಆಗಲ್ಲ."

"ಹಾಗಿದ್ರೆ ಸರಿ. ಬರ್ತೀನಿ, ಒಂದ್ಸಲ."

ಹೀಗಿರುವಾಗ ಹವಳವೇ ಸೊರಗತೊಡಗಿತು. ಕುಡಿಗಳು ಮುದುಡಿದವು, ಬುಡ ಅಲ್ಲಲ್ಲಿ ಬೋಳಾಯಿತು. ಹೆಂಡತಿ ತೊಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಂಡಳು. ದಂತಶಿಲ್ಪಿ ಎಲ್ಲೆಲ್ಲೋ ಓದಿ, ಯಾರ್‍ಯಾರನ್ನೋ ಕೇಳಿ ರೋಗ ಪತ್ತೆ ಹಚ್ಚಿದ. ಕ್ಯಾಲ್ಸಿಯಂ ಸಾಲದು! ಔಷಧಿ, ಕ್ಯಾಲ್ಸಿಯಂ ರಿಯಾಕ್ಟರ್!

"ರಿಯಾಕ್ಟರ್ರಾ? ಮನೇಲಾ?" ಹೆಂಡತಿ ಹೌಹಾರಿದಳು. "ಅದು ಸಿಡಿದ್ರೆ ಊರಿಗೂರೇ ಖಾಲಿ ಮಾಡಿಸ್ತಾರಲ್ರೀ!"

"ಅದು ಬೇರೆ, ಇದು ಬೇರೆ ಕಣೇ. ಒಂದು ಕೊಳವೆ. ಅದರೊಳಗೆ ಸತ್ತ ಹವಳದ ಚೂರು. ಸೋಡಾ ಗ್ಯಾಸ್ ಬಿಟ್ರೆ ನೀರು ಹುಳಿಯಾಗುತ್ತೆ, ಚೂರು ಕರಗುತ್ತೆ, ಕರಗಿದ ನೀರು ಹನಿ ಹನಿಯಾಗಿ ತೊಟ್ಟಿಗೆ ಬೀಳುತ್ತೆ. ಮಗುವಿಗೆ ಬಾಟ್ಲಿ ಹಾಲು ಕುಡಿಸಿದಷ್ಟೇ ಸಲೀಸು."

"ನೀವು ಯಾವ ಮಗೂಗೆ ಯಾವಾಗ ಕುಡಿಸಿದ್ರಿ?"

ಈ ಪ್ರಶ್ನೆ ವಿಷಯಕ್ಕೆ ಸಂಬಂಧಪಟ್ಟದ್ದಲ್ಲವೆಂದು ತೀರ್ಮಾನಿಸಿ ಅವನು ಕಾರ್ಖಾನೆ ಹೊಕ್ಕ.

ಕೊಳವೆ ಸೊಗಸಾಗಿಯೇ ಬಂತು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗೆ ಮೇಲೊಂದು ಕೆಳಗೊಂದು ಮುಚ್ಚಳ. ಸಂದುಗಳಿಗೆ ಅಂಗಡಿಯ ಅಂಟು ಹಾಕಲು ಸ್ವಾಭಿಮಾನ ಅಡ್ಡ ಬಂತು. ವಸಡು ಕಟ್ಟುವ ಗುಲಾಬಿ ಅಂಟನ್ನೇ ಬಳಿದ. ಮುಗಿದಾಗ ರಿಯಾಕ್ಟರ್ ಎರಡು ತುದಿಗೂ ಬಾಯಿ ತೆರೆದು ನಿಂತ ಜಂತುವಿನಂತೆ ಕಾಣುತ್ತಿತ್ತು. ಇನ್ನು ಒಳಗೆ ತುಂಬಬೇಕಾದ್ದು ಸತ್ತ ಹವಳದ ಚೂರು. ಅದು ಮೀನಿನಂಗಡಿಯಲ್ಲಿ ಚೀಲಗಟ್ಟಲೆ ಸಿಗುತ್ತಿತ್ತು. ಅಂಗಡಿಗೆ ಹೋದರೆ ಸೃಷ್ಟಿಕರ್ತನ ಗತಿ? ಅವನ ಕಣ್ಣು ಕಪಾಟಿನ ಮೇಲೆ ಬಿತ್ತು. ಅಲ್ಲಿ ಸಾಲುಸಾಲಾಗಿ ಹಳೆಯ ಪ್ಲಾಸ್ಟರ್ ದವಡೆಗಳು! ಪ್ಲಾಸ್ಟರ್ ಚೀಲ ತಿರುಗಿಸಿ ನೋಡಿದ. ಮೊದಲ ಪದವೇ ಕ್ಯಾಲ್ಸಿಯಂ! ಅದರ ಮುಂದಿನ ಪದ, ಸಲ್ಫೇಟ್ ಎಂಬುದನ್ನು ಓದುವ ವ್ಯವಧಾನ ಅವನಿಗಿರಲಿಲ್ಲ. ಪ್ಲಾಸ್ಟರ್ ಜಾತಿಯೇ ಬೇರೆ, ನೀರಿನಲ್ಲಿ ನೆನೆದರೆ ಹವಳದ ಚೂರಿನಂತೆ ಗಟ್ಟಿಯಾಗಿ ಕೂರುವುದಿಲ್ಲ, ಕೆಸರಾಗುತ್ತದೆ ಎಂಬುದನ್ನು ಆ ಪದ ಹೇಳುತ್ತಿತ್ತು.

ಸುತ್ತಿಗೆಯ ಸದ್ದಿಗೆ ಹೆಂಡತಿ ಓಡಿ ಬಂದಳು.

"ಇದ್ಯಾರದು?"

"ಬ್ಯಾಂಕಿನ ಮ್ಯಾನೇಜರಮ್ಮಂದು. ಹೋದ ವರ್ಷ ತೀರಿಕೊಂಡ್ರಲ್ಲ."

"ಇದು?"

"ಔಷಧಿ ಅಂಗಡಿಯವರದ್ದು. ಅವರೂ ಹೋದ್ರು."

"ಸತ್ತೋರ ಬಾಯೆಲ್ಲ ಕುಟ್ಟಿ ಪುಡಿ ಮಾಡಿ ನಮ್ಮಪ್ಪನ ತೊಟ್ಟಿಗೆ ಹಾಕ್ತೀರಾ?"

"ಬಾಯಲ್ಲ, ಅಚ್ಚು! ಬದುಕಿರೋರದ್ದು ಮುಟ್ಟಿಲ್ಲ. ರಿಪೇರಿಗೆ ಬೇಕಾಗುತ್ತೆ."

ಅವಳು ಹಣೆ ಚಚ್ಚಿಕೊಂಡು ಅಂಚೆ ಕಚೇರಿಯ ಕೆಲಸಕ್ಕೆ ಹೊರಟುಹೋದಳು.

ಮೊದಲೆರಡು ದಿನ ರಿಯಾಕ್ಟರ್ ದೇವರಂತೆ ನಡೆಯಿತು. ಗ್ಯಾಸಿನ ಗುಳ್ಳೆ ಏಳುತ್ತಿತ್ತು, ಹನಿ ಬೀಳುತ್ತಿತ್ತು. ದಂತಶಿಲ್ಪಿ ಮಾವನ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಉಪನ್ಯಾಸ ಮಾಡಿದ. ಮಾವ ಎದ್ದು ಹೋಗಲಾರದವರಾದ್ದರಿಂದ ಸಭೆ ಕೊನೆಯವರೆಗೂ ತುಂಬಿತ್ತು.

ಮೂರನೆಯ ದಿನ ಮಧ್ಯಾಹ್ನ ಹನಿ ನಿಂತಿತು. ನೆನೆದ ದವಡೆಗಳೆಲ್ಲ ಕರಗಿ ಮೊಸರಾಗಿ ಹೊರಹೋಗುವ ದಾರಿಗೆ ಗಟ್ಟಿಯಾಗಿ ಕುಳಿತಿದ್ದವು. ಗ್ಯಾಸು ಮಾತ್ರ ಒಳಗೆ ಬರುತ್ತಲೇ ಇತ್ತು. ಜಾಣನಾದವನು ಗ್ಯಾಸ್ ನಿಲ್ಲಿಸುತ್ತಿದ್ದ. ನಮ್ಮವನು ಬಗ್ಗಿ ಕೊಳವೆಯನ್ನು ಬೆರಳಿನಿಂದ ಟಪಟಪ ತಟ್ಟಿದ!

ಡುಬ್ಬೆಂದಿತು. ಗುಲಾಬಿ ವಸಡು ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ, ಅಷ್ಟರಮಟ್ಟಿಗೆ ಕಸುಬಿನ ಮಾನ ಉಳಿಯಿತು. ಬಿಟ್ಟುಕೊಂಡದ್ದು ತೊಟ್ಟಿಯ ಕಡೆಯ ದಾರಿ. ಬ್ಯಾಂಕಿನ ಮ್ಯಾನೇಜರಮ್ಮ, ಔಷಧಿ ಅಂಗಡಿಯವರು, ಸ್ವರ್ಗಸ್ಥ ಗಿರಾಕಿಗಳೆಲ್ಲರೂ ಒಂದೇ ಬೀಸಿಗೆ ತೊಟ್ಟಿಯೊಳಕ್ಕೆ ನುಗ್ಗಿದರು. ಅರ್ಧ ತೊಟ್ಟಿ ಹೊರಗೆ ಚೆಲ್ಲಿತು. ದಂತಶಿಲ್ಪಿಯ ತಲೆ, ಮೀಸೆ, ಅಂಗಿ, ಎಲ್ಲ ಸುಣ್ಣ ಹೊಡೆದ ಗೋಡೆ. ಅವನು ಹಾಗೆಯೇ ಮಂಚದ ಕಡೆ ತಿರುಗಿ ಹಲ್ಲು ಕಿರಿದ.

"ಏನೂ ಆಗಿಲ್ಲ ಮಾವ."

ಮಾವ ಕಣ್ಣು ಮುಚ್ಚಿಕೊಂಡರು.

ಆಗಬೇಕಾದ್ದೆಲ್ಲ ಆಗಿತ್ತು. ನೀರು ಬದಲಾಯಿಸಿದ, ಹವಳವನ್ನು ತೊಳೆದ, ಮೀನುಗಳನ್ನು ಬಕೆಟ್ಟಿಗೆ ಹಾಕಿದ. ಒಂದು ಮೀನು ಬದುಕಿತು. ಹವಳದ ಹಸಿರು ಕುಡಿಗಳು ಅವನ ಅಂಗೈಯಲ್ಲೇ ಸುಲಿದುಕೊಂಡು ಬಂದವು. ಉಳಿದದ್ದು ಬಿಳಿಯ ಬುಡ, ಬರೀ ಮೂಳೆ. ಅದನ್ನು ಹಿಡಿದುಕೊಂಡು ಕಾರ್ಖಾನೆಯ ನೆಲದ ಮೇಲೆ ಕುಕ್ಕರಿಸಿದಾಗ ಅವನಿಗೆ ಅಳು ಬಂತು. ಕಳ್ಳ ಅಳುವಲ್ಲ, ನಿಜವಾದದ್ದೇ. ಅವಳು ಸಂಜೆ ಬಂದು ಕೇಳಿದರೆ ಏನೆನ್ನುವುದು? ನಿಮ್ಮಪ್ಪನ ಜೀವ ನನ್ನ ಕೈಯಲ್ಲಿ ಸುಲಿದುಹೋಯಿತು ಎನ್ನುವುದೇ?

ಆಗ ಹೊಳೆಯಿತು. ಹಲ್ಲು ಬಿದ್ದವರಿಗೆ ಹಲ್ಲು ಕಟ್ಟುವವನು ಹವಳ ಸತ್ತಲ್ಲಿ ಹವಳ ಕಟ್ಟಲಾರನೇ?

"ನೀರು ಕದಡಿದೆ, ತಿಳಿಯಾಗೋ ತನಕ ಹವಳಾನ ಬೇರೆ ಬಕೆಟ್ಟಲ್ಲಿ ಇಟ್ಟಿದೀನಿ, ಯಾರೂ ಮುಟ್ಟಬೇಡಿ," ಎಂದು ಹೆಂಡತಿಗೆ ಹೇಳಿ ಬಾಗಿಲು ಹಾಕಿಕೊಂಡ. ಎರಡು ದಿನ ಊರಿನ ಬೋಳುಬಾಯಿಗಳು ಕಾಯಬೇಕಾಯಿತು. ಮೂಳೆಯ ಅಚ್ಚು ತೆಗೆದ, ವಸಡಿನ ಪ್ಲಾಸ್ಟಿಕ್ಕಿನಲ್ಲಿ ಬುಡ ಎರಕ ಹೊಯ್ದ. ಹಲ್ಲಿನ ಸೆಟ್ಟು ಒತ್ತಿ ವಸಡು ನೋಯುವವರಿಗೆ ಒಳಗೆ ಹಚ್ಚುವ ಮೆತ್ತನೆಯ ರಬ್ಬರಿಗೆ ಹಸಿರು ಕಲೆಸಿ ಕುಡಿಗಳನ್ನು ಒಂದೊಂದಾಗಿ ಎಳೆದ. ನೀರಿಗೆ ಬಿಟ್ಟಾಗ ಅವು ಅಲುಗಿದವು! ಅವನ ಜೀವಮಾನದ ಕೆಲಸ ಅದು. ಬೆಳಗಿನಿಂದ ಸಂಜೆಯವರೆಗೆ ಹತ್ತು ನೆಪ ಹುಡುಕಿ ನಡುಮನೆಗೆ ಬರುತ್ತಿದ್ದ, ನೋಡುತ್ತಿದ್ದ, ಮೀಸೆ ತಿರುವಿಕೊಳ್ಳುತ್ತಿದ್ದ.

"ಎಷ್ಟು ಚೆನ್ನಾಗಿ ಅರಳಿದೇರೀ!" ಹೆಂಡತಿ ಕೈಮುಗಿಯುವುದೊಂದು ಬಾಕಿ. "ದೀಪ ಆರಿಸಿದ್ರೂ ಮುದುಡ್ತಾನೇ ಇಲ್ಲ!"

"ಕ್ಯಾಲ್ಸಿಯಂ ಪ್ರಭಾವ."

"ನಾನು ಸುಮ್ನೆ ನಿಮ್ಮನ್ನ ಆಡ್ಕೊಂಡೆ. ತಪ್ಪಾಯ್ತು."

ಆ ಮಾತಿಗೆ ಅವನು ತಿರುವುತ್ತಿದ್ದ ಮೀಸೆಯನ್ನು ಬಿಟ್ಟುಬಿಟ್ಟ. ಮರುಗಳಿಗೆಯೇ ಫೋನು ಬಡಿದುಕೊಂಡಿತು. ಅಕ್ಕ.

"ರಜೆ ಸಿಗೋ ಹಾಗಿದೆ ಕಣೇ. ಬರ್ಲಾ?"

"ಈಗೇನು ಅವಸರ ಅಕ್ಕ? ಹವಳ ನಳನಳಿಸ್ತಾ ಇದೆ. ಅಪ್ಪ ಕಣ್ಣು ಕೀಳದೆ ನೋಡ್ತಿರ್ತಾರೆ. ಮುಂದಿನ ರಜೆಗೇ ನಿಧಾನವಾಗಿ ಬಾ."

ದಂತಶಿಲ್ಪಿ ಮಂಚದ ಕಡೆ ತಿರುಗಿ ನೋಡಿದ. ಯಾಕೆಂದರೆ ಹೆಂಡತಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು. ಮಾವನ ಹಲ್ಲಿನ ಸೆಟ್ಟು ಅವನೇ ಕಟ್ಟಿದ್ದು, ದಿನಾ ತೊಳೆದು ಬಾಯಿಗಿಡುವವನೂ ಅವನೇ. ಮೊದಲು ಕಚ್ಚಿ ಕೂರುತ್ತಿದ್ದ ಸೆಟ್ಟು ಈಗ ಮಾವ ಉಸಿರೆಳೆದರೆ ಸಾಕು, ಜಾರುತ್ತಿತ್ತು. ಕೆನ್ನೆ ಒಳಗೆ ಸರಿದಿತ್ತು, ನಾಲಿಗೆ ಒಣಗಿತ್ತು, ಎರಡು ಚಮಚ ಗಂಜಿ ಇಳಿಯಲು ಅರ್ಧ ಗಂಟೆ. ಕಸುಬಿನಲ್ಲಿ ಅವನು ಇಂಥ ಬಾಯಿಗಳನ್ನು ನೋಡಿದ್ದ. ಆ ಬಾಯಿಗಳಿಗೆ ಮುಂದಿನ ರಜೆ ಎಂಬುದಿರಲಿಲ್ಲ.

ಅವನು ಸೀದಾ ತೊಟ್ಟಿಗೆ ಕೈ ಹಾಕಿದ. ಹವಳವನ್ನು ಎತ್ತಿ, ಹೆಂಡತಿಯ ಕಣ್ಣೆದುರು ನೆಲಕ್ಕೆ ಹಾಕಿದ. ಅದು ಪುಟಿದು ಮೇಜಿನ ಕೆಳಗೆ ಉರುಳಿತು.

"ರಬ್ಬರ್ರು," ಎಂದ. "ನಿಜವಾದ್ದು ಸತ್ತುಹೋಯ್ತು. ನಾನೇ ಸಾಯ್ಸಿದೆ. ನಿಮ್ಮಪ್ಪ ಚೆನ್ನಾಗಿಲ್ಲ ಕಣೇ. ಅಕ್ಕನ್ನ ಈಗಲೇ ಬಾ ಅನ್ನು."

ಅವಳು ಬೈಯುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ ಎಂದು ಅವನು ಕುತ್ತಿಗೆ ತಗ್ಗಿಸಿ ನಿಂತಿದ್ದ. ಅವಳು ಮೇಜಿನ ಕೆಳಗೆ ಬಗ್ಗಿ ಹವಳವನ್ನು ಎತ್ತಿಕೊಂಡಳು. ಒಂದು ಕುಡಿಯನ್ನು ಚಿವುಟಿ ನೋಡಿದಳು. ಆಮೇಲೆ ಫೋನು ತಿರುಗಿಸಿ, "ಅಕ್ಕ, ನಾನು ಹೇಳಿದ್ದು ಸುಳ್ಳು. ಹೊರಡು," ಎಂದಳು. ಆ ಸುಳ್ಳನ್ನು ಅವಳು ತನ್ನ ಮೇಲೆ ಹಾಕಿಕೊಂಡದ್ದು ದಂತಶಿಲ್ಪಿಗೆ ಯಾವ ಬೈಗುಳಕ್ಕಿಂತಲೂ ಜೋರಾಗಿ ತಾಗಿತು.

ಅಕ್ಕ ಮರುದಿನ ಬೆಳಗ್ಗೆ ಬಂದಳು. ಗೇಟಿನ ಸದ್ದು ಯಾರಿಗೂ ಕೇಳಿಸಿರಲಿಲ್ಲ, ಅಷ್ಟರಲ್ಲಿ ಮಾವನ ಎಡಗೈ ಗಾಳಿಯಲ್ಲಿ ಮೇಲೆದ್ದಿತು. ಏನು ಬೇಕೆಂದು ಹೆಂಡತಿ ಓಡಿ ಬಂದಳು, ನೀರು ಹಿಡಿದಳು, ಹೊದಿಕೆ ಸರಿಪಡಿಸಿದಳು. ಆಮೇಲೆ ತಿರುಗಿ ನೋಡಿದರೆ ತೆರೆದ ಮುಂಬಾಗಿಲಲ್ಲಿ ಅಕ್ಕ ಚೀಲ ಹಿಡಿದು ನಿಂತಿದ್ದಳು. ಬಂದವಳೇ ಮಂಚದ ಅಂಚಿಗೆ ಕುಳಿತಳು. ಎಡಗೈ ಅವಳ ತೋಳನ್ನು ಹಿಡಿದದ್ದು ಬಿಡಲಿಲ್ಲ. ಜಗಳದ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬರಿಗೆ ಮಾತು ಬಾರದು, ಇನ್ನೊಬ್ಬಳಿಗೆ ಜಗಳದ ಕಾರಣವೇ ನೆನಪಿರಲಿಲ್ಲ.

ಆ ವಾರ ಕಳೆಯುವಷ್ಟರಲ್ಲಿ ಮಾವ ಹೋದರು. ಕೊನೆಯ ದಿನಗಳಲ್ಲಿ ಅವರು ತೊಟ್ಟಿಯ ಕಡೆ ಒಮ್ಮೆಯೂ ನೋಡಲಿಲ್ಲ. ತಾನು ಮಾಡಿದ ಪಾಪಕ್ಕೇ ಅವರು ಮುಖ ತಿರುಗಿಸಿದ್ದಾರೆಂದು ದಂತಶಿಲ್ಪಿ ಒಳಗೊಳಗೇ ಕುಸಿದುಹೋಗಿದ್ದ. ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಅಕ್ಕನೆದುರು ಕೈಕಟ್ಟಿ ನಿಂತು ಅದನ್ನೂ ಹೇಳಿಬಿಟ್ಟ.

"ಅವರಿಗೆ ಇದ್ದ ಒಂದೇ ಒಂದು ಸಂತೋಷ ಆ ಹವಳ. ಅದನ್ನ ನಾನು ಕೊಂದೆ. ಮೇಲಿಂದ ರಬ್ಬರ್ ಇಟ್ಟು ಮೋಸ ಮಾಡಿದೆ. ಅದಕ್ಕೇ ಆಮೇಲೆ ಆ ಕಡೆ ನೋಡ್ಲೇ ಇಲ್ಲ."

ಅಕ್ಕ ದಣಿದಿದ್ದಳು. ಅಪ್ಪನ ಮಂಚದ ಮೇಲೆ ಅಡ್ಡಾಗಿ, ಅಪ್ಪನ ದಿಂಬಿಗೆ ತಲೆಯಿಟ್ಟಳು. ಸ್ವಲ್ಪ ಹೊತ್ತು ತೊಟ್ಟಿಯ ಕಡೆ ನೋಡಿದವಳು ಹುಬ್ಬು ಗಂಟಿಕ್ಕಿದಳು.

"ಹವಳ ಎಲ್ಲಿಟ್ಟಿದ್ರಿ?"

"ಅಲ್ಲೇ, ನಡುವೆ, ತಳದಲ್ಲಿ."

"ಇಲ್ಲಿಂದ ತಳ ಕಾಣೋದೇ ಇಲ್ವಲ್ಲ."

ಹೆಂಡತಿ ಬಂದು ಪಕ್ಕದಲ್ಲಿ ತಲೆಯಿಟ್ಟಳು. ಆಮೇಲೆ ದಂತಶಿಲ್ಪಿಯೂ ಮೊಣಕಾಲೂರಿ, ದಿಂಬಿನ ಮಟ್ಟಕ್ಕೆ ಕಣ್ಣು ತಂದ. ಮಂಚದ ಕಾಲ್ಗಡೆಯ ಹಲಗೆ ತೊಟ್ಟಿಯ ಕೆಳಗರ್ಧಕ್ಕೆ ಪೂರ್ತಿ ಅಡ್ಡವಾಗಿತ್ತು. ಹಲಗೆಯ ಮೇಲಿಂದ ಕಾಣುತ್ತಿದ್ದದ್ದು ಬರಿಯ ಗಾಜು. ಗಾಜಿನೊಳಗೆ, ತಲೆದಿಂಬಿನ ಹಿಂದಿದ್ದ ಮುಂಬಾಗಿಲಿನ ಬಿಂಬ. ಬಾಗಿಲಿನಾಚೆ ಗೇಟು, ಗೇಟಿನಾಚೆ ರಸ್ತೆ.

ಅಕ್ಕ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಅತ್ತಳು. ತಂಗಿ ಅವಳ ಬೆನ್ನು ಸವರುತ್ತ ಕುಳಿತಳು. ತುಂಬ ಹೊತ್ತಿನ ಮೇಲೆ ಅಕ್ಕ ಎದ್ದು ಮೂಗೊರೆಸಿಕೊಂಡು ಕೇಳಿದಳು.

"ಹಾಗಾದ್ರೆ ಬೆಳಗಿಂದ ಸಂಜೆ ತನಕ ಆ ರಬ್ಬರ್ ಹವಳಾನ ಬಾಯಿ ಬಿಟ್ಕೊಂಡು ನೋಡ್ತಾ ಇದ್ದಿದ್ಯಾರೇ?"

ಹೆಂಡತಿ, ಇನ್ನೂ ಮೊಣಕಾಲೂರಿಯೇ ಇದ್ದ ಗಂಡನ ಕಡೆಗೆ ಗದ್ದ ತಿರುಗಿಸಿದಳು.

"ಇವರೊಬ್ರೇ ಅಕ್ಕ."