ಮೂರು ಸಲ ‘ಚಹಾ ಆತೇನ್ರಿ’

ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ, ಮೈಕ್ ಕೊಟ್ಟರೆ ಸಾಕು, ಸಭೆ ನನ್ನ ಮುಷ್ಟಿಯಲ್ಲಿ ಎಂಬ ನಂಬಿಕೆಯಿತ್ತು. ಆದ್ದರಿಂದ ಸಪ್ತಾಪುರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರುಖ್ಸಾನಾ ತನ್ನ ಬ್ಯಾಂಡಿನ ಮೊದಲ ಕಾರ್ಯಕ್ರಮಕ್ಕೆ ನಿರೂಪಣೆ ಮಾಡಲು ಕೇಳಿದಾಗ ತಕ್ಷಣ ಒಪ್ಪಿದೆ.

“ಬ್ಯಾಂಡಿನ ಹೆಸರೇನವಾ?”

“ಚಹಾ ಆತೇನ್ರಿ.”

“ಈಗಷ್ಟ ಆತವಾ. ಹೆಸರು ಹೇಳು.”

“ಅದ ಹೆಸರು ಸರ! ಚಹಾ ಆತೇನ್ರಿ!”

ಅಡುಗೆಮನೆಯಿಂದ ಹೆಂಡತಿ ಗಿರಿಜಾ ಕೂಗಿದಳು: “ಆ ಹುಡುಗಿ ಎಷ್ಟು ಸಲ ಕೇಳಬೇಕ್ರಿ? ಚಹಾಕ್ಕ ಇಡತೇನಿ ತಡೀರಿ!”

ವಿಚಾರಿಸಿದರೆ, ಆಲ್ಬಮ್ಮಿನ ಹೆಸರೂ ‘ಚಹಾ ಆತೇನ್ರಿ’. ಅದರ ಮೊದಲ ಹಾಡೂ ‘ಚಹಾ ಆತೇನ್ರಿ’!

“ಧಾರವಾಡದಾಗ ಹೆಸರಿಗೆ ಇಷ್ಟು ಬರಗಾಲ ಬಂತೇನವಾ?”

“ಹಂಗಲ್ಲ ಸರ. ಹಳೇ ಹುಬ್ಬಳ್ಳ್ಯಾಗ ನಮ್ಮ ಮನಿಗೆ ಯಾರ ಬಂದ್ರೂ ಅಮ್ಮಿ ಮೊದಲ ಇದನ್ನ ಕೇಳತಾಳ. ನಮ್ಮ ಹಾಡೆಲ್ಲಾ ಆ ಮನ್ಯಾಗ ಹುಟ್ಯಾವ. ಬ್ಯಾರೆ ಹೆಸರು ಯಾಕ?”

ಉತ್ತರಕ್ಕೆ ನಾನು ತಲೆದೂಗಿದೆ. ಇದೇ ಮಾತನ್ನು ವೇದಿಕೆಯಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ನಾನು ಪಂಡಿತ!

ಕಾರ್ಯಕ್ರಮದ ದಿನ ಕಾಲೇಜಿನ ಸಭಾಂಗಣ ತುಂಬಿತ್ತು. ರುಖ್ಸಾನಾಳ ಅಮ್ಮಿ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು, ನಾದಬ್ರಹ್ಮನಿಂದ ಆರಂಭಿಸಿ, ಸುದೀರ್ಘ ಪೀಠಿಕೆ ಹಾಕಿ, ಕೊನೆಗೆ ಕೈಯೆತ್ತಿ ಘೋಷಿಸಿದೆ: “ಮಾನ್ಯರೇ, ಚಹಾ ಆತೇನ್ರಿ!”

“ಇಲ್ರೀ!” ಎಂದಿತು ಸಭೆ, ಒಕ್ಕೊರಲಿನಿಂದ.

ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. “ಹಾಗಲ್ಲ! ಹಾಡು ಚಹಾ ಆತೇನ್ರಿ, ಆಲ್ಬಮ್ಮು ಚಹಾ ಆತೇನ್ರಿ, ಹಾಡುವವರೂ ಚಹಾ ಆತೇನ್ರಿ!”

ಹಿಂದಿನಿಂದ ಯಾರೋ ಎದ್ದರು. “ಮ್ಯಾಲಿಂದ ಮ್ಯಾಲೆ ಕೇಳಾಕತ್ತಾರ, ಪಾಪ. ಒಲ್ಲೆ ಅನಬಾರದು, ಏಳ್ರಪಾ!”

ನನ್ನ ಪೀಠಿಕೆಯಿಂದ ಬಳಲಿದ್ದ ಜನಕ್ಕೆ ಅಷ್ಟೇ ಬೇಕಾಗಿತ್ತು. ಸಭೆಗೆ ಸಭೆಯೇ ಕ್ಯಾಂಟೀನಿಗೆ ನಡೆಯಿತು. “ಕುಳಿತುಕೊಳ್ಳಿ!” ಎಂದು ಮೈಕಿನಲ್ಲಿ ಚೀರಿದೆ. “ನೀವೂ ಬರ್ರಿ ಸರ!” ಎಂದು ಕರೆದರು!

ಉಳಿದವರು ಗಿರಿಜಾ ಮತ್ತು ಅಮ್ಮಿ. ಬ್ಯಾಂಡಿನ ಹುಡುಗಿಯರು ಮಹಡಿಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿದ್ದನ್ನು ಕೆಳಗಿನಿಂದ ಕೇಳಿದ್ದವನು ನಾನೇ. ತಲೆಯೆತ್ತಲು ಧೈರ್ಯವಾಗಲಿಲ್ಲ.

“ಸರ, ಆ ಡ್ರಮ್ ಹಿಡೀರಿ,” ಎಂದಳು ರುಖ್ಸಾನಾ. “ಮಂದಿ ಎಲ್ಲಿ ಅದಾರೋ ಅಲ್ಲೇ ಹೋಗೂಣು.” ನಾನು ಡ್ರಮ್ ಬೆನ್ನಿಗೇರಿಸಿಕೊಂಡು ಹಿಂದೆ ನಡೆದೆ.

ಕ್ಯಾಂಟೀನಿನ ಮುಂದಿನ ಬೇವಿನ ಮರದ ಕೆಳಗೆ, ಮೈಕಿಲ್ಲದೆ, ಆಕೆ ಹಾಡತೊಡಗಿದಳು. ನಾವೆಲ್ಲ ಬಾಯಿಪಾಠದಂತೆ ಕೇಳುವ ಆ ಮಾತನ್ನು ಆಕೆ ನಿಜವಾಗಿ ಉತ್ತರಕ್ಕೆ ಕಾದವಳಂತೆ ಕೇಳಿದಳು. ಕಪ್ಪು-ಬಸಿಗಳ ಸದ್ದು ನಿಂತಿತು. ಕ್ಯಾಂಟೀನಿನವನು ಒಲೆ ಆರಿಸಿ ಹೊರಗೆ ಬಂದ. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕೈಯಲ್ಲಿದ್ದ ಚಹಾ ಆರಿ ಕೆನೆಗಟ್ಟಿದರೂ ಒಬ್ಬರೂ ಅಲುಗಲಿಲ್ಲ. ಹಾಡು ಮುಗಿದಾಗ ಚಪ್ಪಾಳೆಗಿಂತ ಮೊದಲು “ಇನ್ನೊಮ್ಮೆ!” ಎಂಬ ಕೂಗೆದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನು.

ಎಲ್ಲ ಮುಗಿದ ಮೇಲೆ ರುಖ್ಸಾನಾ ಹತ್ತಿರ ಬಂದಳು. “ಮುಂದಿನ ತಿಂಗಳು ಹುಬ್ಬಳ್ಳ್ಯಾಗ ಕಾರ್ಯಕ್ರಮ ಐತಿ ಸರ. ನೀವು ಬರಾಕ ಬೇಕು.”

ನನ್ನ ಎದೆ ಉಬ್ಬಿತು. “ಈ ಸಲ ಭಾಷಣ ಸಣ್ಣದು ಮಾಡತೇನವಾ.”

“ಭಾಷಣ ಬ್ಯಾಡ್ರಿ ಸರ. ಡ್ರಮ್ ಭಾಳ ಛಲೋ ಹೊತ್ರಿ!”

ಗಿರಿಜಾ ಗೋಡೆ ಹಿಡಿದು ನಕ್ಕಳು. ಜನ್ಮವಿಡೀ ಕನ್ನಡ ಪಾಠ ಹೇಳಿದ ನನ್ನ ನಾಲಗೆಯನ್ನು ಬಿಟ್ಟು ಬೆನ್ನನ್ನು ಆರಿಸಿದ್ದಳು ಹುಡುಗಿ. ಪ್ರತಿಭೆಯನ್ನು ಗುರುತಿಸುವುದರಲ್ಲೂ ಆಕೆಯದು ಎತ್ತಿದ ಕೈ!